ದೀರ್ಘಕಾಲಿಕ ಸೈನಸೈಟಿಸ್

ದೀರ್ಘಕಾಲಿಕ ಸೈನಸೈಟಿಸ್ ಎಂಬುದು ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಸೈನಸ್ ಎಂಬ ಗಾಳಿಕುಳಿಗಳ ಒಳಪೊರೆಯ ಉರಿಯೂತವು 12 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಯುವ ಸ್ಥಿತಿ. ಮೂಗಿನ ಒಳಪೊರೆಯೂ ಉರಿಯೂತಕ್ಕೆ ಒಳಗಾಗುವುದರಿಂದ ವೈದ್ಯರು ಇದನ್ನು ರೈನೋಸೈನಸೈಟಿಸ್ ಎಂದು ಕರೆಯುತ್ತಾರೆ. ಬಹುಪಾಲು ವಯಸ್ಕರು ಆಸ್ಪತ್ರೆಗೆ ದಾಖಲಾಗದೆ ಹೊರರೋಗಿಗಳಾಗಿಯೇ ಚಿಕಿತ್ಸೆ ಪಡೆಯಬಹುದು.

ಕಾರಣಗಳು

ಕೆನ್ನೆ, ಹಣೆ, ಕಣ್ಣುಗಳ ನಡುವಿನ ಭಾಗ ಮತ್ತು ಮೂಗಿನ ಹಿಂಬದಿಯ ಆಳದಲ್ಲಿ ಒಟ್ಟು ನಾಲ್ಕು ಜೋಡಿ ಸೈನಸ್‌ಗಳಿವೆ. ಇವುಗಳಲ್ಲಿ ಉತ್ಪತ್ತಿಯಾಗುವ ಲೋಳೆಯನ್ನು ಸೂಕ್ಷ್ಮ ರೋಮಗಳು ಕಿರಿದಾದ ರಂಧ್ರಗಳ ಮೂಲಕ ಮೂಗಿಗೆ ಸಾಗಿಸುತ್ತವೆ. ಒಳಪೊರೆ ಊದಿಕೊಂಡಾಗ ಈ ರಂಧ್ರಗಳು ಮುಚ್ಚಿ ಲೋಳೆಯು ಒಳಗೇ ನಿಲ್ಲುತ್ತದೆ. ಅಲರ್ಜಿ, ಆಸ್ತಮಾ, ಧೂಮಪಾನ, ಶಿಲೀಂಧ್ರಗಳು ಹಾಗೂ ಮೇಲಿನ ದವಡೆಹಲ್ಲುಗಳ ಬೇರಿನ ಸೋಂಕು ಈ ರೋಗದೊಂದಿಗೆ ಸಂಬಂಧ ಹೊಂದಿವೆ. ಕೆಲವರ ಮೂಗಿನಲ್ಲಿ ಪಾಲಿಪ್ ಎಂಬ ಮೃದುವಾದ ಬೆಳವಣಿಗೆಗಳು ಕಾಣಿಸಿಕೊಳ್ಳುತ್ತವೆ.

ಲಕ್ಷಣಗಳು

ಪ್ರಮುಖ ಲಕ್ಷಣಗಳು ನಾಲ್ಕು:

- ಮೂಗು ಕಟ್ಟುವುದು
- ಮೂಗಿನಿಂದ ಅಥವಾ ಗಂಟಲಿನ ಹಿಂಭಾಗಕ್ಕೆ ಗಟ್ಟಿಯಾದ ಸಿಂಬಳ ಇಳಿಯುವುದು
- ಮುಖದಲ್ಲಿ ನೋವು, ಒತ್ತಡ ಅಥವಾ ಭಾರ
- ವಾಸನೆ ಗ್ರಹಿಸುವ ಶಕ್ತಿ ಕುಂದುವುದು

ಕೆಮ್ಮು, ಬಾಯಿಯ ದುರ್ವಾಸನೆ, ಆಯಾಸ ಮತ್ತು ನಿದ್ರಾಭಂಗವೂ ಇರಬಹುದು. ತೀವ್ರ ಜ್ವರ ಸಾಮಾನ್ಯವಲ್ಲ.

ರೋಗನಿರ್ಣಯ

ಕೇವಲ ಲಕ್ಷಣಗಳಿಂದ ರೋಗವನ್ನು ಖಚಿತಪಡಿಸಲಾಗದು. ಮೇಲಿನ ನಾಲ್ಕರಲ್ಲಿ ಕನಿಷ್ಠ ಎರಡು ಲಕ್ಷಣಗಳಿದ್ದು, ಮೂಗಿನ ಎಂಡೋಸ್ಕೋಪಿ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಉರಿಯೂತ ಕಂಡುಬರಬೇಕು. ‘ಸೈನಸ್ ತಲೆನೋವು’ ಎಂದು ಜನರು ಭಾವಿಸುವ ನೋವು ಅನೇಕ ವೇಳೆ ಮೈಗ್ರೇನ್ ಆಗಿರುತ್ತದೆ.

ಹೊರರೋಗಿ ಚಿಕಿತ್ಸೆ

ಉಪ್ಪುನೀರಿನಿಂದ ಮೂಗು ತೊಳೆಯುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಹಠಯೋಗದ ಜಲನೇತಿಯೂ ಇದೇ ಬಗೆಯ ಕ್ರಿಯೆ. ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿದರೆ ದ್ರಾವಣದ ಸಾಂದ್ರತೆಯು ದೇಹದ್ರವಕ್ಕೆ ಸಮನಾಗುತ್ತದೆ. ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ಅದರಲ್ಲಿರಬಹುದಾದ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿ ಪ್ರಾಣಾಪಾಯ ಉಂಟುಮಾಡಬಲ್ಲದು. 3ರಿಂದ 5 ನಿಮಿಷ ಕುದಿಸಿ ಆರಿಸಿದ ನೀರು ಸುರಕ್ಷಿತ.

ಮೊಮೆಟಾಸೋನ್, ಫ್ಲುಟಿಕಾಸೋನ್ ಮುಂತಾದ ಸ್ಟೀರಾಯ್ಡ್ ಸಿಂಪಡಿಕೆಗಳು ಊತವನ್ನು ತಗ್ಗಿಸುತ್ತವೆ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ನಳಿಕೆಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಹೊರಬದಿಗೆ ತಿರುಗಿಸಿ ಸಿಂಪಡಿಸಿದರೆ ರಕ್ತಸ್ರಾವದ ಸಾಧ್ಯತೆ ಕಡಿಮೆ. ಪರಿಣಾಮ ಕಾಣಲು ವಾರಗಳೇ ಬೇಕಾಗುವುದರಿಂದ ನಡುವೆ ನಿಲ್ಲಿಸುವುದು ಸರಿಯಲ್ಲ.

ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಹನಿಗಳು ಮೂಗನ್ನು ಬೇಗ ಬಿಡಿಸುತ್ತವೆ. ಆದರೆ ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟಿಕೊಂಡು, ಹನಿಯಿಲ್ಲದೆ ಉಸಿರಾಡಲಾಗದ ಸ್ಥಿತಿ ಬರುತ್ತದೆ.

ಇದು ಮುಖ್ಯವಾಗಿ ಉರಿಯೂತದ ರೋಗವಾದ್ದರಿಂದ ಪ್ರತಿಜೀವಕಗಳ ಪಾತ್ರ ಸೀಮಿತ. ಬ್ಯಾಕ್ಟೀರಿಯಾ ಸೋಂಕಿನ ಸ್ಪಷ್ಟ ಕುರುಹುಗಳಿದ್ದಾಗ ವೈದ್ಯರು ಅವುಗಳನ್ನು ನೀಡುತ್ತಾರೆ. ಪಾಲಿಪ್ ಇರುವವರಿಗೆ ಅಲ್ಪಾವಧಿಗೆ ಸ್ಟೀರಾಯ್ಡ್ ಮಾತ್ರೆಗಳನ್ನು ಸೂಚಿಸುವುದುಂಟು. ಮಧುಮೇಹಿಗಳಲ್ಲಿ ಇವು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಔಷಧಗಳಿಂದ ಗುಣ ಕಾಣದಿದ್ದಲ್ಲಿ ಎಂಡೋಸ್ಕೋಪ್ ನೆರವಿನ ಶಸ್ತ್ರಚಿಕಿತ್ಸೆಯಿಂದ ಸೈನಸ್ ರಂಧ್ರಗಳನ್ನು ಅಗಲಗೊಳಿಸಲಾಗುತ್ತದೆ. ಅನಂತರವೂ ಮೂಗು ತೊಳೆಯುವುದನ್ನು ಮತ್ತು ಸಿಂಪಡಿಕೆಯನ್ನು ಮುಂದುವರಿಸಬೇಕಾಗುತ್ತದೆ.

ಅಪಾಯದ ಸೂಚನೆಗಳು

ಕಣ್ಣಿನ ಸುತ್ತ ಊತ, ದೃಷ್ಟಿ ಮಂದವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಅತಿ ತೀವ್ರ ತಲೆನೋವು, ಕುತ್ತಿಗೆ ಬಿಗಿತ ಅಥವಾ ಗೊಂದಲ ಕಂಡುಬಂದರೆ ಸೋಂಕು ಕಣ್ಣುಗುಳಿಗೆ ಅಥವಾ ಮಿದುಳಿಗೆ ಹರಡಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಿಯಂತ್ರಣದಲ್ಲಿಲ್ಲದ ಮಧುಮೇಹವಿರುವವರಲ್ಲಿ ಮುಖದ ಊತ ಅಥವಾ ಮೂಗಿನಲ್ಲಿ ಕಪ್ಪು ಹಕ್ಕಳೆ ಕಾಣಿಸಿದರೆ ಅದು ಮ್ಯೂಕರ್‌ಮೈಕೋಸಿಸ್ ಎಂಬ ಮಾರಕ ಶಿಲೀಂಧ್ರ ಸೋಂಕಿನ ಲಕ್ಷಣವಾಗಿರಬಹುದು. ಒಂದೇ ಹೊಳ್ಳೆ ನಿರಂತರವಾಗಿ ಕಟ್ಟಿ ರಕ್ತ ಬರುತ್ತಿದ್ದರೆ ಗೆಡ್ಡೆಯ ಸಾಧ್ಯತೆಯನ್ನು ಪರೀಕ್ಷಿಸುವುದು ಅಗತ್ಯ.