ಕಡತದ ಮಡಿಕೆ, ಕಂಪ್ಯೂಟರಿನ ಮಡಿಕೆ



ಕಳೆದ ದೀಪಾವಳಿಗೆ ವಂಡ್ಸೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆಯುವ ತಂತ್ರಾಂಶವೊಂದನ್ನು ಹಾಕಿಕೊಟ್ಟ. ಶೀರ್ಷಿಕೆಯ ಪಕ್ಕದ ಪುಟ್ಟ ತ್ರಿಕೋನವನ್ನು ಒತ್ತಿದರೆ ಅದರಡಿಯ ಸಾಲುಗಳೆಲ್ಲ ಮಡಚಿಕೊಳ್ಳುತ್ತವೆ. ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ನನಗೆ ಕಡತದ ನೆನಪಾಯಿತು.

ಇಂದು ಕಡತವೆಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚುತ್ತಿದ್ದರು. ಕರಿಯ ಮೈಮೇಲೆ ಬಳಪದಿಂದ ಬರೆದು, ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ವರ್ತಕರ ಲೆಕ್ಕಕ್ಕೂ ಮಠಗಳ ದಾಖಲೆಗೂ ಅದು ಒದಗಿತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ.

ಓಲೆಗರಿಯ ರೀತಿಯೇ ಬೇರೆ. ಕಂಟದಿಂದ ಕೊರೆದು ಮಸಿ ತೀಡಿದ ಅಕ್ಷರವನ್ನು ಒರೆಸಲಾಗದು. ಆದರೆ ದಾರ ಬಿಚ್ಚಿ ನಡುವೆ ಹೊಸ ಗರಿ ಸೇರಿಸಬಹುದು, ಕ್ರಮವನ್ನೂ ಬದಲಿಸಬಹುದು. ಕಡತದಲ್ಲಿ ತಿದ್ದುವುದು ಸುಲಭ, ಸ್ಥಳ ಬದಲಿಸುವುದು ಕಷ್ಟ. ಓಲೆಯಲ್ಲಿ ಇದಕ್ಕೆ ವಿಪರ್ಯಯ.

ಈ ಎರಡು ಅನುಕೂಲಗಳೂ ಒಂದೇ ಪರದೆಯ ಮೇಲೆ ಕೂಡಿದ್ದನ್ನು ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಭೆಗೆ ತೋರಿಸಿದರು. ಅಂಗಡಿ ಸಾಮಾನಿನ ಪಟ್ಟಿಯೊಂದನ್ನು ಅವರು ವರ್ಗೀಕರಿಸಿದರು, ಮಡಚಿದರು, ಬಿಚ್ಚಿದರು. 2003ರಲ್ಲಿ ಬಂದ ಮೈಕ್ರೋಸಾಫ್ಟಿನ ವನ್‌ನೋಟ್ ಬಣ್ಣದ ಪಟ್ಟಿಗಳಿರುವ ನೋಟ್‌ಪುಸ್ತಕವನ್ನು ಅನುಕರಿಸಿತು. 2013ರ ಗೂಗಲ್ ಕೀಪ್ ಗೋಡೆಗೆ ಅಂಟಿಸಿದ ಚೀಟಿಗಳಂತೆ, ದಾರವಿಲ್ಲದ ಓಲೆಗಳಂತೆ. ತಟ್ಟನೆ ಬರೆದಿಡಲು ಕೀಪ್ ಒಳ್ಳೆಯದು. ಪಾಠದ ಸಿದ್ಧತೆಗೆ ಮಡಚುವ ಶೀರ್ಷಿಕೆಗಳೇ ಮೇಲು.

ಆದರೆ ನಾನು ಕಲಿತ ಪಾಠ ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹಿರಿಯರೊಬ್ಬರು ಹೇಳಿದ ಗದ್ದೆಗಳ ಹೆಸರುಗಳನ್ನೆಲ್ಲ ಮೊಬೈಲಿನ ಮತ್ತೊಂದು ಸೊಗಸಾದ ತಂತ್ರಾಂಶದಲ್ಲಿ ಬರೆದುಕೊಂಡಿದ್ದೆ. ಆ ಸೇವೆ ನಿಂತುಹೋಯಿತು, ಹೆಸರುಗಳೂ ಹೋದವು. ಮತ್ತೆ ಕೇಳೋಣವೆಂದರೆ ಆ ಹಿರಿಯರಿಲ್ಲ. ಪ್ರತಿ ಇಟ್ಟುಕೊಳ್ಳದ ತಪ್ಪು ನನ್ನದೇ. ಓಲೆ ಜೀರ್ಣವಾಗುವ ಮುನ್ನ ಪ್ರತಿ ಮಾಡುತ್ತಿದ್ದ ಲಿಪಿಕಾರರ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ನಾನು!

ಆದ್ದರಿಂದ ತಂತ್ರಾಂಶದಲ್ಲಿ ಬರೆಯುವುದು ಎಷ್ಟು ಸುಲಭವೆಂದು ನೋಡುವ ಮೊದಲು, ಬರೆದುದನ್ನು ಹೊರತರುವುದು ಎಷ್ಟು ಸುಲಭವೆಂದು ನೋಡಿರಿ. ನಾನೀಗ ಪ್ರತಿ ತಿಂಗಳೂ ನನ್ನ ಟಿಪ್ಪಣಿಗಳನ್ನು ಮುದ್ರಿಸಿ ದಾರದಿಂದ ಕಟ್ಟಿಡುತ್ತೇನೆ. ನಿಮ್ಮ ಮನೆಯ ಹಿರಿಯರಿಗೆ ಗದ್ದೆಗಳ ಹಳೆಯ ಹೆಸರು ನೆನಪಿದ್ದರೆ ಇಂದೇ ಕೇಳಿ ಬರೆದಿಡಿ. ನನಗೂ ಒಂದು ಪ್ರತಿ ಕಳುಹಿಸಿ.