ಪಂಕ್ತಿಯಲ್ಲಿ ಕುಳಿತವರು ಯಾರು? ಭಾರತದ ಕ್ರೈಸ್ತ ಚರಿತ್ರೆಯಲ್ಲಿ ವಿಶ್ವಾಸ, ಸಂಸ್ಕೃತಿ ಮತ್ತು ಜಾತಿ

ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯವರು ಬಂದದ್ದೇ ತಡ, ಅಂಜಿ ಆ ಪಂಕ್ತಿಯಿಂದ ಹಿಂದೆ ಸರಿದ. ಪೌಲ ಎಲ್ಲರೆದುರಿಗೇ ಅವನನ್ನು ಖಂಡಿಸಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ಹೇಳಿಕೊಂಡಿದ್ದಾನೆ. ಕ್ರಿ.ಶ. 50ರ ಆಸುಪಾಸಿನಲ್ಲಿ ಯೆರೂಸಲೇಮಿನಲ್ಲಿ ಸೇರಿದ ಹಿರಿಯರು, ಕ್ರಿಸ್ತನನ್ನು ನಂಬುವವರು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕಿಲ್ಲ ಎಂದು ತೀರ್ಮಾನಿಸಿದರು. ಹೀಗೆ ಸಂಸ್ಕೃತಿಯ ಪ್ರಶ್ನೆ ಕ್ರೈಸ್ತ ಧರ್ಮದಲ್ಲಿ ಮೊದಲು ಎದ್ದದ್ದು ದೇಹದ ಗುರುತಿನ ಸುತ್ತ ಮತ್ತು ಊಟದ ಸುತ್ತ. ಯಾರ ಜೊತೆ ಕೂತು ಉಣ್ಣಬಹುದು ಎಂಬುದು ನಮ್ಮ ನೆಲಕ್ಕೂ ಹೊಸ ಪ್ರಶ್ನೆಯಲ್ಲ. ಆದ್ದರಿಂದ ಭಾರತದ ಕ್ರೈಸ್ತ ಚರಿತ್ರೆಯನ್ನು ಪಂಕ್ತಿಯ ಕಡೆಯಿಂದಲೇ ಓದಬೇಕೆಂದು ನನಗನ್ನಿಸುತ್ತದೆ.

ಇಟಲಿಯ ಜೆಸ್ವಿತ್ ಪಾದ್ರಿ ರಾಬರ್ಟೊ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದ. ಆ ಹೊತ್ತಿಗೆ ಅಲ್ಲಿ ಕ್ರೈಸ್ತನಾಗುವುದೆಂದರೆ ಪರಂಗಿಯಾಗುವುದು, ಅಂದರೆ ಪೋರ್ಚುಗೀಸರ ಹಾಗೆ ಮಾಂಸ ತಿಂದು ಮದ್ಯ ಕುಡಿಯುವವರ ಕುಲ ಸೇರುವುದು ಎಂದೇ ಜನ ತಿಳಿದಿದ್ದರು. ಡಿ ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ, ಬ್ರಾಹ್ಮಣ ಅಡಿಗೆಯವನನ್ನು ಇಟ್ಟುಕೊಂಡ, ತಮಿಳಿನ ಜೊತೆ ಸಂಸ್ಕೃತವನ್ನೂ ಕಲಿತ. ಜನಿವಾರ, ಶಿಖೆ, ಗಂಧ, ಸ್ನಾನ ಇವೆಲ್ಲ ಲೋಕಾಚಾರವೇ ಹೊರತು ದೇವರ ಪೂಜೆಯಲ್ಲ, ಆದ್ದರಿಂದ ಕ್ರೈಸ್ತನೂ ಇವನ್ನು ಉಳಿಸಿಕೊಳ್ಳಬಹುದು ಎಂಬುದು ಅವನ ವಾದ. ಅದೇ ಊರಿನಲ್ಲಿದ್ದ ಹಿರಿಯ ಪಾದ್ರಿ ಗೊನ್ಸಾಲೊ ಫರ್ನಾಂಡಿಸ್ 1610ರಲ್ಲಿ ಮೇಲಿನವರಿಗೆ ದೂರು ಬರೆದ. ವಿವಾದ ರೋಮ್ ಮುಟ್ಟಿತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಡಿ ನೊಬಿಲಿಯ ಪರವಾಗಿ ಆಜ್ಞೆ ಹೊರಡಿಸಿದರು. ಆ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇನ್ನೊಬ್ಬ ಇಟಲಿಯವನು ಶ್ರೀರಂಗಪಟ್ಟಣಕ್ಕೆ ಬಂದು, ಇದೇ ದಾರಿ ಹಿಡಿದು, ಕನ್ನಡ ಕಲಿತು ಕನ್ನಡದಲ್ಲಿಯೇ ಬರೆದ.

ಡಿ ನೊಬಿಲಿಯ ಧೈರ್ಯವನ್ನು ನಾನು ಗೌರವಿಸುತ್ತೇನೆ. ಪರರ ಭಾಷೆಯನ್ನೂ ಶಾಸ್ತ್ರವನ್ನೂ ಅಷ್ಟು ಆಳವಾಗಿ ಕಲಿತ ಯುರೋಪಿಯನ್ನರು ಆ ಕಾಲದಲ್ಲಿ ವಿರಳ. ಆದರೆ ಅವನು ಕಾಪಾಡಲು ಹೊರಟದ್ದು ಯಾರ ಸಂಸ್ಕೃತಿಯನ್ನು? ಉತ್ತಮ ಕುಲದವರ ನಡುವೆ ಓಡಾಡುವ ಗುರು ಕೆಳಗಿನವರ ಮನೆಗೆ ಕಾಲಿಡುವಂತಿರಲಿಲ್ಲ. ಅದಕ್ಕೆಂದೇ 1640ರಿಂದ ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳ ವ್ಯವಸ್ಥೆಯಾಯಿತು. ಒಂದೇ ವಿಶ್ವಾಸ, ಗುರುಗಳು ಮಾತ್ರ ಎರಡು ಬಗೆ.

ಮುಂದಿನ ಜಗಳ ಎಂಜಲಿನದು. ರೋಮಿನ ವಿಧಿಯಂತೆ ದೀಕ್ಷಾಸ್ನಾನದ ಹೊತ್ತಿಗೆ ಪಾದ್ರಿ ತನ್ನ ಎಂಜಲನ್ನು ಬೆರಳಿನಿಂದ ಮುಟ್ಟಿಸಬೇಕಿತ್ತು. ಎಂಜಲನ್ನು ಮೈಲಿಗೆಯೆಂದು ಎಣಿಸುವ ಊರಿನಲ್ಲಿ ಇದನ್ನು ಮಾಡುವುದು ಹೇಗೆ? ಪಾದ್ರಿಗಳು ಆ ಅಂಗವನ್ನೇ ಬಿಟ್ಟಿದ್ದರು. 1703ರಲ್ಲಿ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ಟುರ್ನೋನ್ 1704ರಲ್ಲಿ ಅದನ್ನು ಬಿಡಕೂಡದೆಂದು ಆಜ್ಞೆ ಮಾಡಿದ. ತಾಳಿಯ ರೂಪಕ್ಕೂ ಅವನ ತಕರಾರಿತ್ತು. ಅದೇ ಆಜ್ಞೆಯಲ್ಲಿ ಇನ್ನೊಂದು ಮಾತೂ ಇತ್ತು. ಸಾವಿನ ಹಾಸಿಗೆಯಲ್ಲಿರುವ, ಅಸ್ಪೃಶ್ಯರೆಂದು ಎಣಿಸಲಾಗುತ್ತಿದ್ದ ಪರೆಯರ ಮನೆಯೊಳಗೆ ಹೋಗಿ ಪಾದ್ರಿ ಸಂಸ್ಕಾರ ನೀಡಲೇಬೇಕು. ತಾಳಿಯ ವಿಷಯದಲ್ಲಿ ಟುರ್ನೋನ್‌ಗೆ ಈ ನೆಲದ ಅರಿವಿರಲಿಲ್ಲ, ನಿಜ. ಸಾಯುತ್ತಿರುವ ಬಡವನ ಬಾಗಿಲ ವಿಷಯದಲ್ಲಿ ಮಾತ್ರ ನ್ಯಾಯ ಅವನ ಕಡೆಗಿತ್ತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಈ ವಿವಾದಕ್ಕೆ ತೆರೆ ಎಳೆದರು. ಪರೆಯರಿಗಾಗಿ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುವ ಜೆಸ್ವಿತರ ಸಲಹೆ ಆಗ ಒಪ್ಪಿಗೆ ಪಡೆಯಿತು. ಮಲಬಾರ್ ಆಚಾರಗಳೆಂದು ಹೆಸರಾದ ಈ ಪದ್ಧತಿಗಳ ವಿರುದ್ಧ ಪಾದ್ರಿಗಳು ಮಾಡಬೇಕಿದ್ದ ಪ್ರಮಾಣವನ್ನು ರೋಮ್ ಕೈಬಿಟ್ಟದ್ದು 1940ರಲ್ಲಿ.

ಪ್ರೊಟೆಸ್ಟೆಂಟರಲ್ಲಿಯೂ ಈ ಗಂಟು ಬಿಚ್ಚಲಿಲ್ಲ. ತಂಜಾವೂರಿನ ಎರಡನೆಯ ಸರ್ಫೋಜಿಯ ಆಸ್ಥಾನದಲ್ಲಿದ್ದ ಕವಿ ವೇದನಾಯಗಂ ಶಾಸ್ತ್ರಿ 1820ರ ದಶಕದಲ್ಲಿ ಹೊಸ ಮಿಷನರಿಗಳ ವಿರುದ್ಧ ಎತ್ತಿದ ಆಕ್ಷೇಪಗಳು ನಾಲ್ಕು: ಹಳೆಯ ತಮಿಳು ಬೈಬಲನ್ನು ತಿದ್ದಿದರು, ಹಬ್ಬದ ಹೂವನ್ನು ಬೇಡವೆಂದರು, ತಮಿಳು ಸಂಗೀತವನ್ನು ತಡೆದರು, ಪ್ರಭುಭೋಜನದಲ್ಲಿ ಎಲ್ಲ ಜಾತಿಯವರನ್ನೂ ಬೆರೆಸಿದರು. ಈ ಪಟ್ಟಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮೊದಲ ಮೂರರಲ್ಲಿ ನನ್ನ ಮನಸ್ಸು ಶಾಸ್ತ್ರಿಯ ಜೊತೆಗಿದೆ. ಹೂವು ಮುಡಿದರೆ, ರಾಗದಲ್ಲಿ ಹಾಡಿದರೆ ಕ್ರಿಸ್ತನಿಗೆ ಆಗುವ ಕುಂದೇನು? ನಾಲ್ಕನೆಯದರಲ್ಲಿ ಮನಸ್ಸು ಅವನನ್ನು ಬಿಟ್ಟು ಬರುತ್ತದೆ. ವೆಳ್ಳಾಳ ಕುಲದ ಶಾಸ್ತ್ರಿಗೆ ಹೂವೂ ಪಂಕ್ತಿಭೇದವೂ ಒಂದೇ ನೂಲಿನಲ್ಲಿ ಕಟ್ಟಿದ ಮಾಲೆಯಾಗಿತ್ತು. ಪಂಕ್ತಿಯಿಂದ ಹೊರಗುಳಿದವನಿಗೆ ಅದು ಹಾಗೆ ಕಂಡಿರಲಾರದು.

ಕರಾವಳಿಯ ಕನ್ನಡನಾಡಿನಲ್ಲಿ ಎರಡು ದಾರಿಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಗೋವೆಯ ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ನ್ಯಾಯಾಲಯ 1736ರಲ್ಲಿ ಹೊರಡಿಸಿದ ಆಜ್ಞೆ ಮದುವೆ, ಊಟ, ಉಡುಗೆಗಳ ಹಲವು ಹಳೆಯ ಪದ್ಧತಿಗಳನ್ನು ನಿಷೇಧಿಸಿತು. ಗೋವೆಯಿಂದ ವಲಸೆ ಬಂದ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಇಂದಿಗೂ ಮದುವೆಯ ಮುನ್ನಾದಿನ ರೋಸ್ ಇದೆ. ಮದುಮಕ್ಕಳಿಗೆ ತೆಂಗಿನ ಹಾಲು, ಎಣ್ಣೆ ಹಚ್ಚುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತಾರೆ. ಮೇರಿ ಮಾತೆಯ ಜನ್ಮದಿನವೂ ಕೃಷಿಕನ ಹೊಸತು ಹಬ್ಬವೂ ಇಲ್ಲಿ ಒಂದಾಗಿವೆ. ಇವುಗಳ ಜೊತೆಗೆ ಬಾಮಣ, ಚಾರಡಿ ಮುಂತಾದ ಹಳೆಯ ಜಾತಿಗಳ ನೆನಪೂ ಮದುವೆ ಸಂಬಂಧಗಳಲ್ಲಿ ಬಹುಕಾಲ ಉಳಿದು ಬಂತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಕೃತಿಗೂ ಜಾತಿಗೂ ಇದ್ದ ಈ ನಂಟನ್ನು ಕತ್ತರಿಸಲು ಯತ್ನಿಸಿತು. ಭಾಷೆಯನ್ನು ಅದು ತುಂಬುಮನಸ್ಸಿನಿಂದ ಅಪ್ಪಿಕೊಂಡಿತು: 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂತು, ಮಿಷನ್ನಿನ ಪಾದ್ರಿ ಮೊಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದ, ಇನ್ನೊಬ್ಬ ಪಾದ್ರಿ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಜೀವನವನ್ನು ದೇಶೀ ಛಂದಸ್ಸಿನಲ್ಲಿ ಹಾಡಿದ. ಜಾತಿಯನ್ನೂ ಭೂತಾರಾಧನೆಯನ್ನೂ ಶೇಂದಿ ಇಳಿಸುವ ಕಸುಬನ್ನೂ ಮಾತ್ರ ಬಿಡಲೇಬೇಕಿತ್ತು. ಕ್ರೈಸ್ತರಾದ ಬಿಲ್ಲವರಿಗೆ ಕುಲದ ಜೊತೆ ಅನ್ನವೂ ತಪ್ಪಿತು. ಮಿಷನ್ನಿನ ನೇಯ್ಗೆ ಮಗ್ಗಗಳು ಮತ್ತು 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು. ವಿಶ್ವಾಸ ಬದಲಾಯಿಸುವವನ ಹೊಟ್ಟೆಗೆ ದಾರಿ ತೋರದೆ ಗುರುತು ಬಿಡು ಎನ್ನುವುದು ಕ್ರೌರ್ಯವಾಗುತ್ತದೆ.

ಮೊಗ್ಲಿಂಗನ ಶಿಷ್ಯ, ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದಾಗ ಮಂಗಳೂರಿನಲ್ಲಿ ಕೋಲಾಹಲವಾಯಿತು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಅವರು ಪಾದ್ರಿಯಾಗಿ ಮರಳಿದರು. ಮುಂದೆ ಕೊಡಗಿನಲ್ಲಿ ಹೊಲೆಯ ಕುಟುಂಬಗಳಿಗಾಗಿ ಒಂದು ನೆಲೆ ಕಟ್ಟಿದರು. ಅದೇ ಆನಂದಪುರ. ಡಿ ನೊಬಿಲಿ ವಿದೇಶದಿಂದ ಬಂದು ಬ್ರಾಹ್ಮಣನ ಆಚಾರ ಹಿಡಿದ. ಹುಟ್ಟಿನಿಂದ ಬ್ರಾಹ್ಮಣರಾದ ಕೌಂಡಿನ್ಯರು ಅದನ್ನು ಬಿಟ್ಟು ಹೊಲೆಯರ ನಡುವೆ ನಡೆದರು. ಅವರು ಕನ್ನಡ ಬಿಡಲಿಲ್ಲ, ಕೌಂಡಿನ್ಯ ಎಂಬ ಹೆಸರನ್ನೂ ಬಿಡಲಿಲ್ಲ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕಳಚಬೇಕು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಂಡಿಲ್ಲ.

ಆನಂದಪುರಕ್ಕೆ ಬಂದಂಥವರ ವಂಶಕ್ಕೆ ಗಣರಾಜ್ಯ ಕೊಟ್ಟ ಉತ್ತರ ಬೇರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಅದರಲ್ಲಿ ಸೇರಿದರು. ಕ್ರೈಸ್ತನಾದ ದಲಿತ ಸೇರಲಿಲ್ಲ. ಅವನಿಗೆ ಜಾತಿ ಇಲ್ಲವೆಂದು ಕಾಗದ ಹೇಳುತ್ತದೆ. ತಮಿಳುನಾಡಿನ ಕೆಲವು ಊರುಗಳಲ್ಲಿ, ಒಂದೇ ಇಗರ್ಜಿಗೆ ಸೇರಿದ ಸತ್ತವರನ್ನು ಹೂಳಲು ಎರಡು ಬೇರೆ ಜಾಗಗಳಿವೆ.