ಕಾಣದ ಕಿರಣಕ್ಕೆ ರೂಪ ಕೊಟ್ಟವರು

ವಾಹನಗಳ ಬೆನ್ನಿಗೆ ಅಂಟಿಸುವ ಹೊಳೆಯುವ ಹಾಳೆಗೆ ನಮ್ಮಲ್ಲಿ ಇಂದಿಗೂ ‘ರೇಡಿಯಂ’ ಎಂದೇ ಹೆಸರು. ಅದರಲ್ಲಿ ರೇಡಿಯಂ ಲವಲೇಶವೂ ಇಲ್ಲ. ಕತ್ತಲಲ್ಲಿ ಮಿನುಗಲೆಂದು ಗಡಿಯಾರದ ಮುಳ್ಳುಗಳಿಗೆ ಹಿಂದೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ವಸ್ತು ಹೋಯಿತು, ಹೆಸರು ಉಳಿಯಿತು. ಕನ್ನಡ ಪಾಠ ಹೇಳುವ ನನಗೆ ಇದು ಅರ್ಥವ್ಯತ್ಯಾಸಕ್ಕೆ ಒದಗಿದ ಒಳ್ಳೆಯ ಉದಾಹರಣೆ. ಆದರೆ ವಿಕಿರಣವೆಂದರೆ ಹೊಳೆಯುವಂಥದು ಎಂಬ ನಂಬಿಕೆಯೂ ಈ ಮಾತಿನಲ್ಲಿ ಅಡಗಿದೆಯಲ್ಲವೆ? ನಿಜವಾಗಿ ಅದು ಕಣ್ಣಿಗೆ ಬೀಳದು, ಮೂಗಿಗೆ ತಿಳಿಯದು, ನಾಲಗೆಗೂ ಹತ್ತದು.

ಇದನ್ನು ಮೈಮೇಲೆ ಬರಿಸಿಕೊಂಡು ಅರಿತವರು ಜಪಾನಿನ ಯಾಯಿಜು ಬಂದರಿನ 23 ಮಂದಿ ಬೆಸ್ತರು. 1954ರ ಮಾರ್ಚ್ 1ರ ನಸುಕಿನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿದಾಗ ಅವರ ಹಡಗು ಸುಮಾರು 160 ಕಿಲೋಮೀಟರು ದೂರದಲ್ಲಿತ್ತು. ಹಡಗಿನ ಹೆಸರು ‘ಶುಭ ಡ್ರ್ಯಾಗನ್’! ಪಶ್ಚಿಮದಲ್ಲಿ ಬೆಳಕು ಕಂಡಿತು. ಕೆಲವು ಗಂಟೆಗಳ ಮೇಲೆ ಬಿಳಿಯ ಬೂದಿ ಉದುರತೊಡಗಿತು. ಸಿಡಿತಕ್ಕೆ ಪುಡಿಯಾದ ಹವಳ ಅದು. ಒಬ್ಬ ಬೆಸ್ತನು ನೆಕ್ಕಿಯೂ ನೋಡಿದನಂತೆ. ಬರಬರುತ್ತ ಮೈ ಬೆಂದಿತು, ಕೂದಲು ಉದುರಿತು. ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೊಯಾಮ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನೀಯರು ಆ ಪುಡಿಯನ್ನು ‘ಸಾವಿನ ಬೂದಿ’ ಎಂದು ಕರೆದರು. ಮಾರುಕಟ್ಟೆಯ ಮೀನಿಗೂ ಗೈಗರ್ ಯಂತ್ರ ಹಿಡಿಯುವ ಕಾಲ ಬಂತು.

ಈ ಕಥೆಗೆ ಚಿತ್ರ ಬರೆದವರಲ್ಲಿ ಅಮೆರಿಕದ ಬೆನ್ ಷಾನ್ ಮುಖ್ಯರು. 1960ರ ಸುಮಾರಿಗೆ ಬರೆದ ಚಿತ್ರವೊಂದಕ್ಕೆ ಅವರು ಕೊಟ್ಟ ಹೆಸರು ‘ನಮಗೇನಾಯಿತೋ ನಮಗೆ ತಿಳಿಯಲಿಲ್ಲ’ ಎಂಬುದು. ಅದರಲ್ಲಿ ಬೆಸ್ತರ ತಲೆಯ ಮೇಲಿನ ಮೋಡ ಒಂದು ಘೋರ ಮೃಗವಾಗಿದೆ. ಅಷ್ಟರಲ್ಲಾಗಲೇ, 1955ರಲ್ಲಿ, ಜಪಾನಿನ ಮಾರುಕಿ ದಂಪತಿಗಳು ತಮ್ಮ ಹಿರೋಷಿಮಾ ಚಿತ್ರಮಾಲೆಗೆ ‘ಯಾಯಿಜು’ ಎಂಬ ಪಟವನ್ನು ಸೇರಿಸಿದ್ದರು. ಅಲ್ಲಿರುವುದು ಮೃಗವಲ್ಲ, ಮನುಷ್ಯರು. ನನ್ನ ಮನಸ್ಸು ಮಾರುಕಿಗಳ ಕಡೆಗೇ ವಾಲುತ್ತದೆ. ಮೃಗವನ್ನು ಕಂಡರೆ ಓಡಬಹುದು. ಆ ಬೆಸ್ತರಿಗೆ ಬೂದಿಯ ಅಪಾಯ ಹೊಳೆಯಲೇ ಇಲ್ಲ.

ಇತಿಹಾಸಕಾರ ಸ್ಪೆನ್ಸರ್ ವೆರ್ಟ್ 1988ರ ತಮ್ಮ ಗ್ರಂಥದಲ್ಲಿ ತೋರಿಸಿದ್ದು ಇನ್ನೂ ಕುತೂಹಲಕರ. ಲೋಕವನ್ನೇ ಸುಡುವ ಕಿರಣ, ಮುದುಕನನ್ನು ಹರೆಯದವನಾಗಿಸುವ ಕಿರಣ, ಇವೆಲ್ಲ ಬಾಂಬು ಹುಟ್ಟುವುದಕ್ಕೆ ದಶಕಗಳ ಮುಂಚೆಯೇ ಜನರ ಕಲ್ಪನೆಯಲ್ಲಿದ್ದುವು. ಕೀಳುಲೋಹವನ್ನು ಚಿನ್ನವಾಗಿಸುವ ರಸವಾದದ ಹಳೆಯ ಕನಸೇ ಅವುಗಳ ಬೇರು. ಷಾನ್ ಅವರ ಮೃಗವೂ ಆ ವಂಶದ್ದೇ ಇರಬೇಕು.

ಹಡಗನ್ನು ಟೋಕಿಯೋದ ಯುಮೆನೊಷಿಮಾದಲ್ಲಿ 1976ರಿಂದ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅಲ್ಲಿಯೇ ಪುಟ್ಟ ಸೀಸೆಯೊಂದರಲ್ಲಿ ಆ ಬೂದಿಯೂ ಇದೆ. ನೋಡಿದವರಿಗೆ ಸುಣ್ಣದ ಪುಡಿ ಎನ್ನಿಸಿದರೆ ಆಶ್ಚರ್ಯವಿಲ್ಲ.